ಅರಳಗುಪ್ಪೆಯ ಕಲ್ಲುಗಳಲ್ಲಿ ಉಳಿದ ಹೆಸರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನು ಜನರು ಪ್ರೀತಿಯಿಂದ ಕಲ್ಪತರು ನಾಡು ಎಂದು ಕರೆಯುತ್ತಾರೆ. ಉತ್ತರದಲ್ಲಿ ಕಬ್ಬಿಣದ ಅದಿರನ್ನು ಒಡಲಲ್ಲಿಟ್ಟುಕೊಂಡ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲು. ದಕ್ಷಿಣಕ್ಕೆ ಇಳಿದಂತೆ ಒಂದರ ಹಿಂದೊಂದು ಕೆರೆ. ಕೆರೆಯ ಕೆಳಗೆ ಗದ್ದೆ, ಮೇಲೆ ರಾಗಿಯ ಹೊಲ, ಎಲ್ಲೆಡೆ ತೆಂಗಿನ ಸಾಲು. ಇಲ್ಲಿನ ರೈತರು ಕಾಯಿಯನ್ನು ಇಳಿಸಿದ ಕೂಡಲೇ ಮಾರುವುದಿಲ್ಲ. ಸಿಪ್ಪೆಸಹಿತ ಅಟ್ಟಕ್ಕೇರಿಸಿ, ಸುಮಾರು 11 ತಿಂಗಳು ಕಾದು, ಒಳಗಿನ ನೀರು ತಾನಾಗಿ ಇಂಗಿದ ಮೇಲೆ ಒಡೆಯದ ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ತರುತ್ತಾರೆ. ಕಾಯುವುದನ್ನು ಬಲ್ಲ ನಾಡು ಇದು.

ಈ ತೋಟಗಳ ನಡುವೆ, ಬಾಣಸಂದ್ರ ರೈಲು ನಿಲ್ದಾಣಕ್ಕೆ ಸಮೀಪದಲ್ಲಿ, ತಿಪಟೂರು ತಾಲ್ಲೂಕಿನ ಅರಳಗುಪ್ಪೆ ಎಂಬ ಹಳ್ಳಿಯಿದೆ. ಬಸ್ಸಿನಲ್ಲಿ ಹಾದು ಹೋಗುವವರಿಗೆ ಇದು ಎಲ್ಲ ಹಳ್ಳಿಗಳಂತೆಯೇ ಒಂದು ಹಳ್ಳಿ. ಆದರೆ ಕರ್ನಾಟಕದ ಶಿಲ್ಪಕಲೆಯ ಎರಡು ಯುಗಗಳು ಇದೇ ಒಂದು ಊರಿನಲ್ಲಿ ನೆರೆಹೊರೆಯಾಗಿ ನೆಲೆಸಿವೆ.

ಮೊದಲನೆಯದು ಕಲ್ಲೇಶ್ವರ ದೇವಾಲಯ. ಇದು 9ನೆಯ ಶತಮಾನದ್ದು. ಗಂಗರೂ ನೊಳಂಬರೂ ಈ ಸೀಮೆಯಲ್ಲಿ ಅಧಿಕಾರ ನಡೆಸುತ್ತಿದ್ದ ಕಾಲ. ನೊಳಂಬರ ಹೆಸರಿನ ನೆನಪು ಸಮೀಪದ ನೊಣವಿನಕೆರೆಯಲ್ಲಿಯೂ, ಇಲ್ಲಿನ ನೊಣಬ ಜನಸಮುದಾಯದಲ್ಲಿಯೂ ಉಳಿದಿದೆ ಎಂದು ಹೇಳುವುದುಂಟು. ಹೊರಗಿನಿಂದ ಗುಡಿ ಸಾಧಾರಣವಾಗಿ ಕಾಣುತ್ತದೆ. ಒಳಗೆ ಹೋಗಿ ತಲೆಯೆತ್ತಿದರೆ ಮಾತ್ರ ಅದರ ಘನತೆ ತಿಳಿಯುತ್ತದೆ. ಛಾವಣಿಯು 9 ಅಂಕಣಗಳಾಗಿ ಒಡೆದಿದೆ. ನಡುವೆ ನರ್ತಿಸುವ ಶಿವ, ಅವನ ಬಳಿ ವಾದ್ಯ ನುಡಿಸುವವರು. ಸುತ್ತಲಿನ 8 ಅಂಕಣಗಳಲ್ಲಿ ಎಂಟು ದಿಕ್ಕುಗಳ ಪಾಲಕರು. ನೊಳಂಬ ಶೈಲಿಯ ಅತ್ಯುತ್ತಮ ಕೃತಿಗಳಲ್ಲಿ ಒಂದೆಂದು ಕಲಾ ಇತಿಹಾಸಕಾರರು ಇದನ್ನು ಎಣಿಸಿದ್ದಾರೆ.

ಎರಡನೆಯದು ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯ. 13ನೆಯ ಶತಮಾನದ ಮಧ್ಯಭಾಗದ ಈ ಗುಡಿಗೆ ಒಂದೇ ಗರ್ಭಗೃಹ, ನಕ್ಷತ್ರಾಕಾರದ ತಳವಿನ್ಯಾಸ, ಹೊರಗೋಡೆಯ ತುಂಬ ಮೂರ್ತಿಗಳು. ಎರಡು ಗುಡಿಗಳ ನಡುವೆ ಮೂರೂವರೆ ಶತಮಾನಗಳ ಅಂತರ.

ಈ ಸೀಮೆಯ ಹಿರಿಯರನ್ನು ಇಂತಹ ಗುಡಿಯನ್ನು ಕಟ್ಟಿದವರು ಯಾರೆಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಜಕಣಾಚಾರಿ. ಆ ಕಥೆ ಹುಟ್ಟಿದ ನೆಲವೂ ದೂರವಿಲ್ಲ. ತುಮಕೂರಿನ ಬಳಿಯ ಕೈದಾಳವೇ ಅದು. ಹಿಂದೆ ಕ್ರೀಡಾಪುರವೆನಿಸಿದ್ದ ಆ ಊರಿನ ಶಿಲ್ಪಿ ಜಕಣಾಚಾರಿ ಮನೆಮಡದಿಯನ್ನು ತೊರೆದು ದೇಶಸಂಚಾರ ಹೊರಟನು. ಅವನು ಹೋದ ಮೇಲೆ ಮಗ ಡಂಕಣ ಹುಟ್ಟಿದನು. ಬೆಳೆದ ಮಗ ತಂದೆಯನ್ನು ಅರಸುತ್ತ ಬೇಲೂರಿಗೆ ಬಂದು, ಜಕಣಾಚಾರಿ ಕಡೆಯುತ್ತಿದ್ದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದನು. ದೋಷ ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಜಕಣನು ಪಣತೊಟ್ಟನು. ಮೂರ್ತಿಗೆ ಗಂಧ ಬಳಿದರು. ಎಲ್ಲೆಡೆ ಗಂಧ ಒಣಗಿದರೂ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟಾಗ ಜೀವಂತ ಕಪ್ಪೆ ಹೊರಬಂದಿತು. ಜಕಣನು ಕೈಯನ್ನು ಕತ್ತರಿಸಿಕೊಂಡನು. ಎದುರು ನಿಂತ ಹುಡುಗ ಮಗನೆಂದು ಆಮೇಲೆ ತಿಳಿಯಿತು. ಕೊನೆಗೆ ಹುಟ್ಟೂರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂದು, ಊರಿಗೆ ಕೈದಾಳವೆಂಬ ಹೆಸರಾಯಿತು.

ಇತಿಹಾಸ ಬೇರೊಂದನ್ನು ಹೇಳುತ್ತದೆ. ಕೈದಾಳದ ಗುಡಿಯನ್ನು 1150ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಬಾಚಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದದ್ದು 1117ರಲ್ಲಿ. ಅರಳಗುಪ್ಪೆಯ ಕಲ್ಲೇಶ್ವರ ಅದಕ್ಕಿಂತ ಎರಡು ಶತಮಾನ ಹಿಂದಿನದು. ಚೆನ್ನಕೇಶವವೋ ಒಂದು ಶತಮಾನ ಈಚಿನದು. ಇವೆಲ್ಲವನ್ನೂ ಒಬ್ಬನೇ ಕಡೆಯುವುದು ಸಾಧ್ಯವಿಲ್ಲ. ಹೊಯ್ಸಳ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಪೀಠದಲ್ಲಿ ಹೆಸರು ಕೆತ್ತುತ್ತಿದ್ದುದರಿಂದ ನಿಜವಾಗಿ ಉಳಿ ಹಿಡಿದವರು ಯಾರೆಂಬುದೂ ಅಷ್ಟಿಷ್ಟು ತಿಳಿದಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ನುಗ್ಗೇಹಳ್ಳಿಯಲ್ಲಿ ಬೈಚೋಜ ಮತ್ತು ಮಲ್ಲಿತಮ್ಮ, ಅರಳಗುಪ್ಪೆಯಲ್ಲಿ ಹೊನ್ನೋಜ. ಓಜ ಎಂದರೆ ಗುರು, ಆಚಾರ್ಯ ಎಂದರ್ಥ.

ಹಾಗಾದರೆ ಕಥೆ ಸುಳ್ಳೆಂದು ತಳ್ಳಿಬಿಡೋಣವೇ? ಬೇಲೂರಿನ ಪೀಠಗಳಲ್ಲಿ ತಂದೆ ಮಗ ಇಬ್ಬರ ಹೆಸರೂ ಇರುವುದನ್ನು ಗಮನಿಸಿರಿ. ತಂದೆಯ ಕಸುಬನ್ನು ಮಗ ಕಲಿಯುವುದು, ಕೆಲವೊಮ್ಮೆ ತಂದೆಯನ್ನೇ ಮೀರುವುದು ಶಿಲ್ಪಿಗಳ ಮನೆಗಳಲ್ಲಿ ನಿತ್ಯದ ಅನುಭವವಾಗಿದ್ದಿರಬೇಕು. ಕಿರಿಯನು ತೋರಿಸಿದ ತಪ್ಪನ್ನು ಹಿರಿಯನು ಒಪ್ಪುವುದು ಕೈ ಕಳೆದುಕೊಂಡಷ್ಟೇ ಕಷ್ಟವೆಂಬುದನ್ನೂ ಈ ಕಥೆ ಕಟ್ಟಿದವರು ಬಲ್ಲವರಾಗಿದ್ದರು. ಕರ್ನಾಟಕ ಸರ್ಕಾರವು 2021ರಿಂದ ಜನವರಿ 1ರಂದು ಜಕಣಾಚಾರಿ ಸಂಸ್ಮರಣಾ ದಿನವನ್ನು ಆಚರಿಸುತ್ತಿದೆ. ಅದು ಒಳ್ಳೆಯದೇ. ಆದರೆ ಒಬ್ಬನ ಹೆಸರಿನ ನೆರಳಿನಲ್ಲಿ ಹೊನ್ನೋಜನಂಥವರು ಸ್ವಂತ ಊರಿನಲ್ಲಿಯೇ ಅಪರಿಚಿತರಾಗಿ ಉಳಿಯುವುದು ನ್ಯಾಯವಲ್ಲ. ಇನ್ನು ಕಲ್ಲೇಶ್ವರದ ಛಾವಣಿಯನ್ನು ಕಡೆದವರು, ಕೆರೆಯ ಏರಿಗೆ ಮಣ್ಣು ಹೊತ್ತ ಗಂಡಸರು, ಹೆಂಗಸರು – ಇವರ ಹೆಸರನ್ನು ಯಾವ ಕಥೆಯೂ ಹೇಳದು.

ಬಿ. ಎಲ್. ರೈಸ್ ಅವರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸದಿದ್ದರೆ ಈ ಸೀಮೆಯ ಎಷ್ಟೋ ಹಳ್ಳಿಗಳ ಚರಿತ್ರೆ ನಮಗೆ ದಕ್ಕುತ್ತಿರಲಿಲ್ಲ. ಹೊಲದ ಬದುವಿನಲ್ಲಿ ನಿಂತ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗುವುದು, ಅಕ್ಷರವಿದ್ದ ಕಂಬಕ್ಕೆ ಹಬ್ಬದ ನೆಪದಲ್ಲಿ ಸುಣ್ಣವೋ ಬಣ್ಣವೋ ಬೀಳುವುದು ಹಳ್ಳಿಗಳಲ್ಲಿ ಅಪರೂಪವಲ್ಲ. ಹೀಗೆ ಅಳಿದ ಅಕ್ಷರವನ್ನು ಮತ್ತೆ ಯಾರೂ ಬರೆದುಕೊಡಲಾರರು.

ತೋಟದ ಚರಿತ್ರೆಗಂತೂ ಶಾಸನವೇ ಇಲ್ಲ. ನುಸಿಯ ಕಾಟ, ಬತ್ತಿದ ಕೊಳವೆಬಾವಿಗಳು, ಮೇಲಿಂದ ಮೇಲೆ ಬಂದ ಬರ ಇವುಗಳಿಂದ ಎಷ್ಟೋ ತೆಂಗಿನ ಮರಗಳು ಸುಳಿ ಒಣಗಿ ಬಿದ್ದವು. ಮಕ್ಕಳು ಬೆಂಗಳೂರಿನ ದಾರಿ ಹಿಡಿದರು. ಉಳಿದ ಮರವನ್ನು ನೆಟ್ಟವರು ಯಾರು, ನೀರು ಹೊತ್ತ ತಾಯಿ ಯಾರು, ಬಾವಿ ತೋಡಿದವರು ಯಾರು ಎಂಬುದು ಮನೆಯ ಅಜ್ಜಿಯೊಬ್ಬರ ನೆನಪಿನಲ್ಲಿ ಮಾತ್ರ ಇರಬಹುದು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಆ ಅಜ್ಜಿಯ ಬಳಿ ಕೂರಿಸಿರಿ. ಹೊನ್ನೋಜನು ತನ್ನ ಹೆಸರನ್ನು ತಾನೇ ಬರೆದುಕೊಂಡನು. ಆ ಅಜ್ಜಿಯ ಹೆಸರನ್ನು ಬರೆಯಬೇಕಾದವರು ಮೊಮ್ಮಕ್ಕಳೇ.