ಕನ್ನಡ ಕಲಿತು ಸುದ್ದಿ ಬರೆದವರು, ಕನ್ನಡದಲ್ಲೇ ಹುಟ್ಟಿದ ನಾವು

ಜುಲೈ 1 ಬಂತೆಂದರೆ ನಮ್ಮಂಥ ಸ್ಟ್ರಿಂಜರ್‌ಗಳಿಗೂ ಒಂದು ದಿನ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗುತ್ತದೆ. ಅಂದು ಪತ್ರಿಕಾ ದಿನಾಚರಣೆ. ವೇದಿಕೆ ಮೇಲೆ ಒಬ್ಬ ಗಡ್ಡದ ಬಿಳಿಯರ ಫೋಟೊ, ಅದಕ್ಕೆ ಚೆಂಡುಹೂವಿನ ಹಾರ. (ಗುಂಡ್ಲುಪೇಟೆ ಸೀಮೆಯಲ್ಲಿ ಚೆಂಡುಹೂವಿಗೇನು ಬರ?) ಮಾತಾಡುವವರೆಲ್ಲ ‘1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ ಹೊರಬಂತು, ಅದರ ಸಂಪಾದಕರು ಹರ್ಮನ್ ಮೊಗ್ಲಿಂಗ್’ ಎಂದು ಎರಡು ಮಾತು ಹೇಳಿ, ಉಳಿದ ಮುಕ್ಕಾಲು ಗಂಟೆ ಈಗಿನ ಪತ್ರಕರ್ತರಿಗೆ ಬುದ್ಧಿ ಹೇಳುತ್ತಾರೆ. ಆಮೇಲೆ ಊಟ.

ನಾವೂ ಡಿಪ್ಲೊಮಾ ಪರೀಕ್ಷೆಗೆ ಆ ಎರಡು ಮಾತನ್ನೇ ಉರು ಹೊಡೆದವರು. ಒಂದು ಅಂಕದ ಪ್ರಶ್ನೆ ಅದು. ಮತ್ತೆ ಕೂತು ಓದುವಂತೆ ಮಾಡಿದ್ದು ಹರವೆಯ ಒಂದು ಟೀ ಅಂಗಡಿ.

ಬೆಳೆ ಪರಿಹಾರದ ಬಗ್ಗೆ ನಾವು ಒಂದು ಸುದ್ದಿ ಕಳಿಸಿದ್ದೆವು. ಕಳಿಸಿದ್ದೆವು ಅನ್ನುವುದಕ್ಕಿಂತ, ಬಂದಿದ್ದ ಪ್ರಕಟಣೆಯನ್ನು ಹಾಗೆಯೇ ದಾಟಿಸಿದ್ದೆವು. ‘ಫಲಾನುಭವಿಗಳು ನಿಗದಿತ ಕಾಲಮಿತಿಯೊಳಗೆ ಆಧಾರ್ ಜೋಡಣೆ ಪೂರ್ಣಗೊಳಿಸತಕ್ಕದ್ದು’ ಎಂಬ ಸಾಲು ಅದರಲ್ಲಿತ್ತು. ಅಂಗಡಿಯ ಬೆಂಚಿನಲ್ಲಿ ಒಬ್ಬ ಹಿರಿಯರು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಪೇಪರನ್ನು ನಮ್ಮ ಕೈಗಿಟ್ಟರು. ‘ನೀನೇ ಅಲ್ವಾ ಬರ್ದಿರದು? ಹಂಗಾರ ವಸಿ ಕನ್ನಡ್ದಲ್ಲಿ ಹೇಳಪ್ಪ. ನಂಗ ಏನೂ ಗೊತ್ತಾಗ್ನಿಲ್ಲ.’

ದುಡ್ಡು ಬರಬೇಕಾದರೆ ನಾಳೆ ಸಂಜೆಯೊಳಗೆ ಆಧಾರ್ ಕಾರ್ಡು, ಪಾಸ್‌ಬುಕ್ಕು ಹಿಡಿದು ಹೋಗಬೇಕು ತಾತ ಎಂದೆವು. ಅವರು ಹೋದರು, ಕೆಲಸವಾಯಿತು. ಅದೇ ಸುದ್ದಿಯನ್ನು ಅವರಿಗಿಂತ ಮೊದಲೇ ಓದಿದ್ದ ಎರಡು ಮನೆಯವರು ಹೋಗಿರಲಿಲ್ಲ. ‘ಫಲಾನುಭವಿ’ ಅಂದರೆ ತಾವೇ ಎಂದು ಅವರಿಗೆ ಹೊಳೆದಿರಲಿಲ್ಲ. ತಪ್ಪು ನಮ್ಮದೇ.

ಅಂದು ರಾತ್ರಿ ನೆನಪಾದದ್ದು ಫೋಟೊದಲ್ಲಿದ್ದ ಆ ಗಡ್ಡದವರು. ಕನ್ನಡವೇ ಬಾರದೆ ಬಂದ ಮನುಷ್ಯ ಕನ್ನಡಿಗರಿಗೆ ಸುದ್ದಿ ಹೇಳಲು ಕೂತಾಗ ಏನು ಮಾಡಿರಬಹುದು?

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರ ಕೊನೆಗೆ ಮಂಗಳೂರಿಗೆ ಬಂದಿಳಿದರು. ಆಗ ಕನ್ನಡ ಕಲಿಯಲು ಅವರಿಗಿದ್ದ ಪುಸ್ತಕಗಳು ಬೆರಳೆಣಿಕೆಯಷ್ಟು. ಕೇರಿಯವರು 1817ರಲ್ಲಿ ಬರೆದ ಒಂದು ವ್ಯಾಕರಣ, ರೀವ್ ಎಂಬವರು 1832ರಲ್ಲಿ ತಂದ ಒಂದು ಕನ್ನಡ-ಇಂಗ್ಲಿಷ್ ನಿಘಂಟು, ಹೀಗೆ. ಉಳಿದದ್ದನ್ನು ಮುನ್ಶಿಗಳಿಂದ, ಬೀದಿಯ ಜನರಿಂದ ಕಲಿಯಬೇಕು. ಮಂಗಳೂರು, ಧಾರವಾಡ, ಹುಬ್ಬಳ್ಳಿ ಎಂದು ಸುತ್ತಿದ್ದರಿಂದ ಅವರ ಕಿವಿಗೆ ಒಂದಲ್ಲ, ಎರಡು ಮೂರು ಬಗೆಯ ಕನ್ನಡ ಬಿತ್ತು. ಆರೂವರೆ ವರ್ಷಕ್ಕೆ ಪತ್ರಿಕೆ ತೆಗೆದರು.

ಪತ್ರಿಕೆ ಎಂದರೆ ಈಗಿನಂಥದ್ದಲ್ಲ. ನಾಲ್ಕು ಪುಟ, ಹದಿನೈದು ದಿನಕ್ಕೊಂದು ಸಂಚಿಕೆ, ಬೆಲೆ ಒಂದು ದುಡ್ಡು. ಮಂಗಳೂರಿನಲ್ಲಿ ಮಿಷನ್ನಿನವರು 1841ರಲ್ಲಿ ಶುರು ಮಾಡಿದ್ದ ಛಾಪಖಾನೆಯಲ್ಲಿ ಆಗಿನ್ನೂ ಸೀಸದ ಮೊಳೆಗಳಿರಲಿಲ್ಲ, ಕಲ್ಲಚ್ಚು ಇತ್ತು. ಕಲ್ಲಚ್ಚಿನ ಕೆಲಸ ನೋಡಲು ಚೆಂದ. ಜಿಡ್ಡಿನ ಶಾಯಿಯಲ್ಲಿ ಕೈಯಿಂದಲೇ ಪುಟ ಬರೆಯುತ್ತಾರೆ. ಆ ಬರಹವನ್ನು ನುಣುಪಾದ ಕಲ್ಲಿನ ಮೇಲೆ ಒತ್ತಿ ಇಳಿಸುತ್ತಾರೆ. ಕಲ್ಲಿಗೆ ನೀರು ಸವರಿದರೆ ಜಿಡ್ಡಿರುವ ಕಡೆ ನೀರು ನಿಲ್ಲುವುದಿಲ್ಲ, ಕೆಸುವಿನ ಎಲೆಯ ಹಾಗೆ. ಆಮೇಲೆ ಮಸಿ ಉರುಳಿಸಿದರೆ ಅದು ಅಕ್ಷರಕ್ಕೆ ಮಾತ್ರ ಅಂಟುತ್ತದೆ, ಒದ್ದೆ ಕಲ್ಲಿಗೆ ಅಂಟುವುದಿಲ್ಲ. ಹಾಗಾಗಿ ಆ ಪತ್ರಿಕೆ ಕೈಬರಹದಲ್ಲೇ ಜನರ ಕೈಗೆ ಹೋಯಿತು. ‘ಊರು’ ಅಲ್ಲಿ ‘ವೂರು’, ‘ಈ’ ಅಲ್ಲಿ ‘ಯೀ’, ‘ಒಂದು’ ಅಲ್ಲಿ ‘ವೊಂದು’. ಇವತ್ತು ಹೀಗೆ ಬರೆದು ಕಳಿಸಿದರೆ ಡೆಸ್ಕಿನವರು ನಮಗೆ ಮಂಗಳಾರತಿ ಎತ್ತುತ್ತಾರೆ. ಆದರೆ ನಮ್ಮ ಅಜ್ಜಿಯರು ಮಾತಾಡುವುದು ಹಾಗೆಯೇ ತಾನೆ?

ಒಳಗಿದ್ದ ಸರಕು ನೋಡಿ: ಊರಿನ ವರ್ತಮಾನ, ಕಂಪನಿ ಸರ್ಕಾರದ ಆದೇಶಗಳು, ಬೇರೆ ಬೇರೆ ರಾಜ್ಯಗಳ ಸುದ್ದಿ, ಅಚ್ಚರಿಯ ಸಂಗತಿ, ಕಥೆ, ಬುದ್ಧಿಮಾತು, ದಾಸರ ಪದ. ಮೊದಲ ಸಂಚಿಕೆಯಲ್ಲೇ ಅವರು ತಮ್ಮ ಉದ್ದೇಶವನ್ನು ಕಿಟಕಿಗೆ ಹೋಲಿಸಿದ್ದರು. ಹೊರಗೆ ಏನಾಗುತ್ತಿದೆ ಎಂದು ಕಾಣದೆ ಕೂತವರಿಗೆ ಹದಿನೈದು ದಿನಕ್ಕೊಮ್ಮೆ ಒಂದು ಕಿಟಕಿ. ಟಿವಿಯಲ್ಲಿ ಕೆಂಪು ಪಟ್ಟಿ ಓಡಿಸಿ ಮೂರು ಗಂಟೆ ಒಂದೇ ಮಾತನ್ನು ಕೂಗುವುದನ್ನು ನೋಡುವ ನಮಗೆ, ಹದಿನೈದು ದಿನಕ್ಕೆ ನಾಲ್ಕು ಪುಟ ಸಾಕೆಂದುಕೊಂಡ ಕಾಲದ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಮೊಗ್ಲಿಂಗ್ ಇಲ್ಲಿಗೆ ಬಂದದ್ದು ಪತ್ರಿಕೆ ಮಾಡಲಿಕ್ಕಲ್ಲ, ತಮ್ಮ ಮತ ಸಾರಲಿಕ್ಕೆ. ಪತ್ರಿಕೆ ನಡೆಯುತ್ತಿದ್ದಾಗಲೇ, 1844ರ ಶುರುವಿನಲ್ಲಿ, ಆನಂದರಾಯ ಕೌಂಡಿನ್ಯ ಎಂಬ ತರುಣ ಕ್ರೈಸ್ತರಾದರೆಂದು ಮಂಗಳೂರಿನಲ್ಲಿ ದೊಡ್ಡ ಗಲಾಟೆಯಾಯಿತು. ವೇದಿಕೆಯ ಭಾಷಣಗಳಲ್ಲಿ ಈ ಭಾಗ ಹಾರಿಹೋಗುತ್ತದೆ. ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಇದೊಂದೇ ಭಾಗ ಓಡಾಡುತ್ತದೆ. ಎರಡೂ ಅರ್ಧ ಸತ್ಯ. ಬೇರೆ ಮತ ಸಾರಲು ಬಂದವರೇ ದಾಸರ ಪದಗಳನ್ನು, ಬಸವಪುರಾಣವನ್ನು, ಜೈಮಿನಿ ಭಾರತವನ್ನು ಮುದ್ರಿಸಿ ಉಳಿಸಿದರು ಎಂಬುದನ್ನೂ ಜೊತೆಗಿಟ್ಟು ನೋಡಬೇಕು. 1848ರಿಂದ 1853ರವರೆಗೆ ನಡೆದ ಆ ಗ್ರಂಥಮಾಲೆಗೆ ದುಡ್ಡು ಕೊಟ್ಟವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಅವರಿದ್ದದ್ದು ನೀಲಗಿರಿಯ ಕೇತ್ತಿಯಲ್ಲಿ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹಾದು ಊಟಿಗೆ ಹೋಗುವ ನಮ್ಮ ಜನಕ್ಕೆ ಅದು ಪರದೇಶವಲ್ಲ. ಅಲ್ಲಿನ ಬಡಗರ ಮಾತು ಕೇಳಿದರೆ ಅರ್ಧ ನಮ್ಮದೇ ಅನ್ನಿಸುತ್ತದೆ.

ಆ ಹೊತ್ತಿನಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಗೊತ್ತಲ್ಲ, ಜೈನರ ಬೆಟ್ಟ. ಅಲ್ಲಿ ದೇವಚಂದ್ರ ಎಂಬ ಪಂಡಿತರಿದ್ದರು. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಕರ್ನಲ್ ಮೆಕೆಂಜಿಯ ಕಡೆಯವರು 1804ರಲ್ಲಿ ಅವರನ್ನು ಕಂಡು ಸ್ಥಳದ ಕಥೆಗಳನ್ನು ಕೇಳಿದರು. ಮೆಕೆಂಜಿಗೆ ನಮ್ಮ ಯಾವ ಭಾಷೆಯೂ ಬರುತ್ತಿರಲಿಲ್ಲ. ಎಲ್ಲವೂ ಸಹಾಯಕರ ಬಾಯಿಂದ. ಸೇರಿಸಿದ ಕಾಗದಗಳು ಕೊನೆಗೆ ಮದರಾಸು, ಲಂಡನ್ ಸೇರಿದವು. ದೇವಚಂದ್ರರು ತಾವು ಕಂಡದ್ದು ಕೇಳಿದ್ದನ್ನೆಲ್ಲ ಸೇರಿಸಿ 1840ರ ಆಸುಪಾಸಿನಲ್ಲಿ ‘ರಾಜಾವಳಿ ಕಥೆ’ ಬರೆದು ಮುಗಿಸಿದರು. ಮೈಸೂರು ಅರಸರ ಕಥೆಯೂ ಅದರಲ್ಲಿದೆ, ಜಾತಿ ಪಂಥಗಳ ಜಗಳವೂ ಇದೆ. ಮಂಗಳೂರು ಸಮಾಚಾರಕ್ಕಿಂತ ಹೆಚ್ಚೆಂದರೆ ಮೂರು ನಾಲ್ಕು ವರ್ಷ ಮುಂಚಿನ ಮಾತು. ಆದರೆ ಬಿ.ಎಸ್. ಸಣ್ಣಯ್ಯನವರು ಅದನ್ನು ಸಂಪಾದಿಸಿ, ಮೈಸೂರು ವಿಶ್ವವಿದ್ಯಾನಿಲಯದಿಂದ ಅದು ಪುಸ್ತಕವಾಗಿ ಬಂದದ್ದು 1988ರಲ್ಲಿ.

ಕೇಳಿ ಹೊತ್ತೊಯ್ದವರು ಒಬ್ಬರು, ಬರೆದು ಅರಮನೆಗೆ ಒಪ್ಪಿಸಿದವರು ಇನ್ನೊಬ್ಬರು, ಕಲಿತು ಅದೇ ಬೀದಿಗೆ ಮರಳಿ ಕೊಟ್ಟವರು ಮತ್ತೊಬ್ಬರು. ದೇವಚಂದ್ರರ ಕನ್ನಡದ ಮುಂದೆ ಮೊಗ್ಲಿಂಗರ ಕನ್ನಡ ಎಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಎಳೆ ಕನ್ನಡದವರಿಗೆ ಒಂದು ಅನುಕೂಲವಿತ್ತು ಎಂದು ನಮಗನ್ನಿಸುತ್ತದೆ. ಕಲಿತ ಭಾಷೆಯಲ್ಲಿ ಬರೆಯುವವರಿಗೆ ಪ್ರತಿ ಪದದ ಮೇಲೂ ಗುಮಾನಿ. ಇದನ್ನು ಜನ ಅನ್ನುತ್ತಾರಾ, ಇದು ತಲುಪುತ್ತದಾ ಎಂದು ಯಾರನ್ನಾದರೂ ಕೇಳದೆ ವಿಧಿಯಿಲ್ಲ. ನಮಗೆ ಆ ಗುಮಾನಿಯೇ ಇಲ್ಲ. ಹುಟ್ಟಿದ್ದೇ ಕನ್ನಡದಲ್ಲಿ ಎಂಬ ಧೈರ್ಯದ ಮೇಲೆ ‘ಅನುಷ್ಠಾನ’, ‘ಸಂತ್ರಸ್ತ’, ‘ಪ್ರಸ್ತಾವನೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ಹರವೆಯಲ್ಲಿ ‘ಬುಟ್ಟು’, ‘ವಸಿ’ ಎಂದು ಬೆಳೆದ ನಮಗೆ ಪೇಪರ್ ಕನ್ನಡವೂ ಕಲಿತ ಭಾಷೆಯೇ. ಕಲಿತ ಮೇಲೆ, ಕಲಿಯದವರು ಹೇಗೆ ಓದುತ್ತಾರೆ ಎಂಬುದು ಮರೆತುಹೋಯಿತು.

ಮಂಗಳೂರು ಸಮಾಚಾರ ಬಹಳ ದಿನ ನಡೆಯಲಿಲ್ಲ. ಒಂದು ವರ್ಷವೂ ತುಂಬುವ ಮೊದಲು, 1844ರಲ್ಲಿ ‘ಕನ್ನಡ ಸಮಾಚಾರ’ ಎಂದು ಹೆಸರು ಬದಲಿಸಿಕೊಂಡು, ಮೊಳೆ ಅಚ್ಚು ಇದ್ದ ಬಳ್ಳಾರಿಗೆ ಹೋಯಿತು. ಅಲ್ಲಿಯೂ ಬಾಳಲಿಲ್ಲ. ಆಗ ಅಂಚೆ ಖರ್ಚು ದೂರಕ್ಕೆ ತಕ್ಕಂತೆ ಏರುತ್ತಿತ್ತು. ದೇಶಕ್ಕೆಲ್ಲ ಒಂದೇ ದರದ ಅರ್ಧ ಆಣೆಯ ಸ್ಟಾಂಪು ಬಂದದ್ದು 1854ರಲ್ಲಿ. ನಮ್ಮ ಮೈಸೂರು ಸೀಮೆಗೆ ಸ್ವಂತ ಕನ್ನಡ ಪತ್ರಿಕೆ ಬರಲು 1859ರ ‘ಮೈಸೂರು ವೃತ್ತಾಂತ ಬೋಧಿನಿ’ಯವರೆಗೆ ಕಾಯಬೇಕಾಯಿತು.

ಮೊಗ್ಲಿಂಗ್ ಆಮೇಲೆ ಕೊಡಗಿಗೆ ಹೋದರು, ಕೊಡಗಿನ ಬಗ್ಗೆ ಪುಸ್ತಕ ಬರೆದರು, ಸಾವಿರಾರು ಕನ್ನಡ ಗಾದೆ ಕೂಡಿಹಾಕಿದರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಊರಿಗೆ ಮರಳಿದ ಮೇಲೂ ಕನ್ನಡ ಬಿಡಲಿಲ್ಲ, ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು. ತೀರಿಕೊಂಡದ್ದು 1881ರಲ್ಲಿ.

ಟೀ ಅಂಗಡಿಯ ಆ ದಿನದಿಂದ ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ. ಸರ್ಕಾರಿ ಪ್ರಕಟಣೆ ಬಂದರೆ ಮೊದಲು ಬೆಂಚಿನಲ್ಲಿ ಓದಿ ಹೇಳುತ್ತೇವೆ, ಆಮೇಲೆ ಬರೆಯುತ್ತೇವೆ. ಎಲ್ಲವೂ ಗೆದ್ದಿಲ್ಲ. ಒಮ್ಮೆ ‘ದುಡ್ಡು ಬರಬೇಕಾದ ರೈತರು’ ಎಂದು ಕಳಿಸಿದ್ದು ಮಾರನೇ ದಿನ ಅಚ್ಚಿನಲ್ಲಿ ‘ಫಲಾನುಭವಿಗಳು’ ಆಗಿ ಕೂತಿತ್ತು.

ಈ ಬರಹವನ್ನೂ ಕಳಿಸುವ ಮೊದಲು ಅಲ್ಲೇ ಓದಿದೆವು. ಕಲ್ಲಚ್ಚಿನ ತನಕ ಯಾರೂ ತಡೆಯಲಿಲ್ಲ. ಕನಕಗಿರಿ ಬಂದಾಗ ಇಬ್ಬರು ಬೀಡಿ ಆರಿಸಿ ಹತ್ತಿರ ಬಂದರು. ‘ಗೌರವ ಡಾಕ್ಟರೇಟ್’ ಎಂದಾಗ ಮಾತ್ರ ಅದೇ ಹಿರಿಯರು ಕೈ ಅಡ್ಡ ಹಿಡಿದರು.

‘ಇವ್ರು ಸೂಜಿಮದ್ದೂ ಕೊಡ್ತಿದ್ರಾ?’

ಇನ್ನೊಂದು ಟೀ ಹೇಳಿ ಮತ್ತೆ ವಿವರಿಸಬೇಕಾಯಿತು.