ಚಲನಚಿತ್ರ ಸೆನ್ಸಾರ್: ಕರ್ನಾಟಕ

ಚಿತ್ರವೊಂದನ್ನು ಸಾರ್ವಜನಿಕರಿಗೆ ತೋರಿಸುವ ಮುನ್ನ ಸರ್ಕಾರಿ ಮಂಡಳಿ ನೋಡಿ, ಅನುಮತಿ ಕೊಡುವ ಅಥವಾ ನಿರಾಕರಿಸುವ ವ್ಯವಸ್ಥೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಇದಕ್ಕೆ ಆಧಾರ. ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಆಟ ಶುರುವಾಗುವಾಗ ತೆರೆಯ ಮೇಲೆ ಮೊದಲು ಮೂಡುವುದು ಈ ಮಂಡಳಿಯ ಪ್ರಮಾಣಪತ್ರ. ಅದರ ಕೆಳಮೂಲೆಯಲ್ಲಿ ತ್ರಿಕೋನವಿದ್ದರೆ ಚಿತ್ರಕ್ಕೆ ಕತ್ತರಿ ಬಿದ್ದಿದೆ ಎಂದರ್ಥ. ಚಿತ್ರಮಂದಿರದ ಪರವಾನಗಿ ಮಾತ್ರ ರಾಜ್ಯದ 1964ರ ಕಾಯ್ದೆಗೆ ಒಳಪಡುತ್ತದೆ.

ಕನ್ನಡದ ಮಟ್ಟಿಗೆ ಮುಖ್ಯ ಪ್ರಕರಣ ‘ಸಂಸ್ಕಾರ’ (1970). ಯು.ಆರ್. ಅನಂತಮೂರ್ತಿ ಅವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಈ ಚಿತ್ರದಲ್ಲಿ ಗಿರೀಶ ಕಾರ್ನಾಡ, ಪಿ. ಲಂಕೇಶ್, ಸ್ನೇಹಲತಾ ರೆಡ್ಡಿ ನಟಿಸಿದ್ದರು. ಮಡಿ ಬಿಟ್ಟು ಬದುಕಿದ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಅಗ್ರಹಾರವೇ ತಬ್ಬಿಬ್ಬಾಗುವ ಕಥೆ ಇದು. ಜಾತಿ ವಿಚಾರದಲ್ಲಿ ಉದ್ವೇಗ ಕೆರಳೀತೆಂದು ಮದರಾಸಿನ ಸೆನ್ಸಾರ್ ಮಂಡಳಿ ಇದನ್ನು ತಡೆಯಿತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಬಳಿಕ ತಡೆ ತೆರವು ಮಾಡಿತು. ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ ಮೊದಲ ಬಾರಿ ಬಂದದ್ದು ಇದೇ ಚಿತ್ರದಿಂದ. 

ಪ್ರಮಾಣಪತ್ರ ಪಡೆದ ಚಿತ್ರದ ಪ್ರದರ್ಶನಕ್ಕೆ ರಕ್ಷಣೆ ಕೊಡುವುದು ರಾಜ್ಯದ ಹೊಣೆಯೆಂದು ಸುಪ್ರೀಂ ಕೋರ್ಟ್ 2025ರ ಜೂನ್‌ನಲ್ಲಿ ‘ಥಗ್ ಲೈಫ್’ ಚಿತ್ರದ ಪ್ರಕರಣದಲ್ಲಿ ಕರ್ನಾಟಕಕ್ಕೆ ಸ್ಪಷ್ಟಪಡಿಸಿತು.