ಮೂರು ಕಾಸಿನ ಲೆಕ್ಕ

‘ಮೂರು ಕಾಸಿಗೂ ಬಾಳದವನು’ ಎಂದು ಹಳಿಯುತ್ತೇವಲ್ಲ, ಮೂರೇ ಏಕೆ? ಒಂದು ಕಾಸು ಸಾಲದಿತ್ತೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಸುಳಿವು ಸಿಕ್ಕಿದ್ದು ಹಳೆಯ ನಾಣ್ಯಗಳ ಕೋಷ್ಟಕದಲ್ಲಿ. ಹನ್ನೆರಡು ಕಾಸಿಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ಮೂರು ಕಾಸೆಂದರೆ ಕಾಲಾಣೆ. ಅದಕ್ಕೆಂದೇ ಒಂದು ತಾಮ್ರದ ಬಿಲ್ಲೆಯಿತ್ತು. ಒಂದು ಕಾಸಿನ ನಾಣ್ಯವೂ ಇತ್ತು, ನಿಜ. ಆದರೆ ಸಂತೆಯಲ್ಲಿ ಹೆಚ್ಚು ಓಡಾಡಿ ನಾಲಿಗೆಗೆ ಹತ್ತಿದ್ದು ಈ ಬಿಲ್ಲೆಯೇ ಇರಬೇಕೆಂದು ನನ್ನ ಊಹೆ. ಯುದ್ಧಕಾಲದಲ್ಲಿ ಲೋಹ ಉಳಿಸಲೆಂದು 1943ರಿಂದ ಅದನ್ನು ನಡುವೆ ತೂತಿಟ್ಟು ಅಚ್ಚು ಹಾಕಿದರು. ಜನ ಅದನ್ನು ತೂತು ಕಾಸು ಎಂದರು.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯಾಯಿತು. ಆಣೆಗೆ ಆರೂಕಾಲು ಪೈಸೆ! ಒಂದಾಣೆ, ಎರಡಾಣೆ ಹೊಸ ಲೆಕ್ಕಕ್ಕೆ ಕೂರಲಿಲ್ಲ. ನಾಲ್ಕಾಣೆ ಇಪ್ಪತ್ತೈದಕ್ಕೆ, ಎಂಟಾಣೆ ಐವತ್ತಕ್ಕೆ ಸರಿಹೊಂದಿದವು; ಆ ಹೆಸರುಗಳು ಉಳಿದದ್ದು ಅದರಿಂದಲೇ ಎನಿಸುತ್ತದೆ. ಆಣೆಯನ್ನೇ ಕಾಣದ ನಾವೂ ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆ ಎಂದೇ ಕರೆದೆವು. 2011ರ ಜೂನ್ ಕೊನೆಗೆ ಅದರ ಚಲಾವಣೆಯೂ ನಿಂತಿತು. ‘ಹದಿನಾರಾಣೆ ಸತ್ಯ’ವೆಂದರೆ ಇಡೀ ರೂಪಾಯಿಯಷ್ಟು, ಒಂದು ಕಾಸೂ ಕಮ್ಮಿಯಿಲ್ಲದ ಸತ್ಯ ಎಂದು ಈಗ ಬಿಡಿಸಿ ಹೇಳಬೇಕಾಗಿದೆ.

ಆದರೆ ಮೂರು ಕಾಸನ್ನು ಬೈಗುಳಕ್ಕೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. 1879ರಲ್ಲಿ ಅಂಚೆ ಕಾರ್ಡು ಬಂದಾಗ ಅದರ ಬೆಲೆ ಕಾಲಾಣೆ. ಮಗಳು ಹೆತ್ತಳೆಂದೋ, ಮಳೆ ಬಂತೆಂದೋ ಧಾರವಾಡದಲ್ಲಿ ಬರೆದು ಹಾಕಿದರೆ ಅದೇ ಮೂರು ಕಾಸಿಗೆ ಸುದ್ದಿ ಕಲ್ಕತ್ತೆ ಮುಟ್ಟುತ್ತಿತ್ತು.